ಓಲ್ಡ್‌ರಾಯ್ಡ್ ಮಾಸ್ತರರ ಟಾಲರಬ್ಲಿ

೧

ಹೇಗೆ ಶುರುಮಾಡಲಿ? ‘ಆ ಭಾನುವಾರ ಈನಿಡ್ ಸಗ್ಡೆನ್ ಕಾರ್ನೆಟ್ಟನ್ನು ಬಹಳ ಚೆನ್ನಾಗಿ ಊದಿದಳು’ ಎಂದು ಬರೆದೆ. ಹೊಡೆದುಹಾಕಿದೆ. ಯಾರ್ಕ್‌ಷೈರಿನ ಸ್ಕೆಲ್ಡರ್‌ಬಿಯಲ್ಲಿ ಯಾರೂ ಏನನ್ನೂ ಬಹಳ ಚೆನ್ನಾಗಿ ಮಾಡುತ್ತಿರಲಿಲ್ಲ. ನಾನು ಅರ್ಧ ಆಯುಷ್ಯ ಕಳೆದದ್ದು ಅಲ್ಲೇ, ನನಗೆ ಗೊತ್ತು. ಮದುಮಗಳು ‘ಡೀಸೆಂಟ್ಲಿ’ ಕಾಣುತ್ತಿದ್ದಳು, ಹೃದಯದ ಆಪರೇಷನ್ ‘ಅಡಿಕ್ವೇಟ್ಲಿ’ ಆಗುತ್ತಿತ್ತು, ಐವತ್ತು ವರ್ಷ ಜತೆಗೆ ಬಾಳಿದ ಗಂಡ ಹೆಂಡಿರು ‘ಪ್ಯಾಸಬ್ಲಿ’ ಹೊಂದಿಕೊಂಡಿರುತ್ತಿದ್ದರು. ನಮ್ಮ ಧಾರವಾಡದ ‘ಅಡ್ಡಿ ಇಲ್ಲ’ ಇದೆಯಲ್ಲ, ಅದರ ಅಣ್ಣತಮ್ಮಂದಿರು ಇವೆಲ್ಲ.

(ಅದಕ್ಕೇ ಆ ಜನರ ಬಾಯಲ್ಲಿ ಧಾರವಾಡದ ಕನ್ನಡ ಇಡುತ್ತಿದ್ದೇನೆ. ಮೈಸೂರಿನವರು ಮುನಿಸಿಕೊಳ್ಳಬೇಡಿ.)

೨

ಈನಿಡ್ ಕಾರ್ನೆಟ್ ಎಂಬ ಪುಟ್ಟ ತುತ್ತೂರಿ ಊದುತ್ತಿದ್ದದ್ದು ಉಣ್ಣೆಯ ಮಿಲ್ಲಿನಲ್ಲಿ ದುಡಿಯುವವರೇ ಕಟ್ಟಿಕೊಂಡ ಹಿತ್ತಾಳೆ ವಾದ್ಯಗಳ ಬ್ಯಾಂಡಿನಲ್ಲಿ. ಮಾಸ್ತರರು ವಿಲ್ಫ್ರೆಡ್ ಓಲ್ಡ್‌ರಾಯ್ಡ್. ಚಾಪೆಲ್ಲಿನ, ಅಂದರೆ ಊರ ಪುಟ್ಟ ಚರ್ಚಿನ, ಹಿಂದಿನ ಕೋಣೆಯಲ್ಲಿ ತಾಲೀಮು. ಒದ್ದೆ ಕೋಟುಗಳ ವಾಸನೆ, ಹಿತ್ತಾಳೆ ತಿಕ್ಕುವ ಪಾಲಿಶಿನ ವಾಸನೆ, ಕಡುಕಪ್ಪು ಚಹಾ. ಈಗ ಅಲ್ಲಿ ಯಾರೋ ಕಾರ್ಪೆಟ್ ಮಾರುತ್ತಾರೆ. ಹೋದ ಸಲ ನೋಡಿ ಹೊಟ್ಟೆ ಉರಿಯಿತು.

ಮಾಸ್ತರರ ಮೆಚ್ಚುಗೆಗೆ ಮೆಟ್ಟಿಲುಗಳಿದ್ದವು. ಕೆಳಗೆ ಪ್ಯಾಸಬ್ಲಿ, ನಡುವೆ ಅಡಿಕ್ವೇಟ್ಲಿ, ಅಟ್ಟದ ಮೇಲೆ ಟಾಲರಬ್ಲಿ, ಅಂದರೆ ‘ಸಹಿಸಬಹುದು’. ಆ ಅಟ್ಟ ಹತ್ತಿದವನು ಒಬ್ಬನೇ, ಈನಿಡಳ ಅಪ್ಪ ಜೋ. ಅದೂ ಸತ್ತ ಮೇಲೆ. ಶವಪೆಟ್ಟಿಗೆಯ ಪಕ್ಕ ನಿಂತು ಮಾಸ್ತರರು, “ಜೋ ಕಾರ್ನೆಟ್ ಟಾಲರಬ್ಲಿ ಊದತಿದ್ದ” ಅಂದರು. ಚಾಪೆಲ್ಲಿಗೆ ಚಾಪೆಲ್ಲೇ ಗೊಳೋ ಎಂದು ಅತ್ತಿತು.

‘ವಂಡರ್‌ಫುಲ್ಲಿ’ ಎಂಬ ಮಾತೂ ಇತ್ತು. ಅದು ಹೊರಗಿನವರಿಗೆ. ಪಾದ್ರಿಯ ಹೆಂಡತಿ ಹಾಡಿದಾಗ ಎಲ್ಲರೂ ಅದನ್ನೇ ಹೇಳುತ್ತಿದ್ದರು. ತಾಯೀ, ಇನ್ನು ಸಾಕು ಮಾಡು ಎಂದು ಅದರರ್ಥ.

೩

ಮಾಸ್ತರರ ಶ್ವಾಸಕೋಶ ಕೆಟ್ಟಿತು. ಬ್ಯಾಂಡ್ ನಡೆಸುವ ಕೋಲು ಇನ್ನೊಬ್ಬರ ಕೈಗೆ ಹೋಗಬೇಕಿತ್ತು. ಈನಿಡಳ ಕಡೆಗೇ ಎಲ್ಲರ ಕಣ್ಣು. ಆದರೆ ಅವಳದು ಒಂದೇ ಹಟ: ಮಾಸ್ತರರ ಬಾಯಿಂದ ಟಾಲರಬ್ಲಿ ಬಂದರೆ ಮಾತ್ರ ಕೋಲು ಹಿಡಿಯುವುದು. ಇಲ್ಲದಿದ್ದರೆ ಕಾರ್ನೆಟ್ಟನ್ನೂ ಬಿಡುವುದು.

ಭಾನುವಾರ ಮಧ್ಯಾಹ್ನ ತಾಲೀಮಿನ ಕೋಣೆಯಲ್ಲಿ, ಎಲ್ಲರೆದುರು, ಅಪ್ಪನ ಮೆಚ್ಚಿನ ಪ್ರಾರ್ಥನಾಗೀತೆಯನ್ನು ಅವಳೊಬ್ಬಳೇ ಊದಿದಳು. ಮುಗಿಯಿತು. ಕಂಬಳಿ ಹೊದ್ದು ಕೂತ ಮಾಸ್ತರರ ಕಣ್ಣು ತುಂಬಿತ್ತು.

“ವಂಡರ್‌ಫುಲ್ಲಿ, ಹುಡುಗಿ” ಅಂದರು. “ವಂಡರ್‌ಫುಲ್ಲಿ.”

ಬೇಸ್ ಎಂಬ ದೊಡ್ಡ ತುತ್ತೂರಿ ಊದುವ ಸ್ಟ್ಯಾನ್ಲಿ ತನ್ನ ವಾದ್ಯದ ಬಾಯೊಳಗೆ ಏನೋ ಬಿದ್ದಿದೆ ಎಂಬಂತೆ ಇಣುಕತೊಡಗಿದ. ಈನಿಡ್ ಕಾರ್ನೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದಳು. ಹಿಂದೆ ಓಡಿದ ಸ್ಟ್ಯಾನ್ಲಿ, “ಅಷ್ಟೇನ್ ಕೆಟ್ಟ ಊದಲಿಲ್ಲ ಬಿಡವಾ ನೀ” ಎಂದು ಸಮಾಧಾನ ಹೇಳಿದ. ಉರಿಯುವ ಬೆಂಕಿಗೆ ತುಪ್ಪ ಸುರಿದ ಪುಣ್ಯಾತ್ಮ!

೩, ಇನ್ನೊಮ್ಮೆ

ಇಲ್ಲಿಗೆ ನಿಲ್ಲಿಸೋಣ ಅಂತಿದ್ದೆ. ಈನಿಡ್ ಬಿಡಬೇಕಲ್ಲ.

“ನಿಮಗ ಹಿಂಗ ಬರಿಯಾಕ ಕೈ ಹೆಂಗ ಬಂತ್ರೀ? ಮಂದಿ ಮುಂದ ನನ್ನ ಮಾನ ಕಳದ್ರಿ. ಹರದ ಹಾಕ್ರಿ ಆ ಹಾಳಿ!”

ಹರಿದೆ. (ಪಾತ್ರಗಳಿಗೆ ಹೆದರುವ ಲೇಖಕ ನಾನು, ಹೆಂಡತಿಯೂ ಇದನ್ನೇ ಹೇಳುತ್ತಾಳೆ.) ಹೊಸದಾಗಿ ಬರೆದೆ: ಈನಿಡ್ ಊದಿದಳು, ಮಾಸ್ತರರು ‘ಟಾಲರಬ್ಲಿ’ ಅಂದರು, ಅವಳು ಕೋಲು ಹಿಡಿದಳು, ಎಲ್ಲರೂ ಶುಂಠಿ ಕೇಕು ತಿಂದರು. ಸುಖಾಂತ.

ಈಗ ಮಾಸ್ತರರು ಕೆಮ್ಮುತ್ತ ಎದ್ದು ಕೂತರು.

“ಏ ಬರಿಯಾಂವಾ, ನಾ ಅಂದದ್ದ ಬರಿ. ಸಾಯೂ ಕಾಲಕ್ಕರ ನನ್ನ ಮಾತು ನನಗ ಬಿಡು.”

“ಅವಳು ತಪ್ಪು ತಿಳಿದಳಲ್ಲ ಮಾಸ್ತರ್ರೇ” ಎಂದೆ ನಾನು.

“ತಿಳದ್ರ ಅಕೀ ನನ್ನ ಮನೀಗ ಬಂದು ಕೇಳ್ಲಿ. ಬಾಯಿಲ್ಲೇನ ಅಕೀಗೆ?”

೫

(ನಾಲ್ಕನೆಯದರಲ್ಲಿ ಮಾಸ್ತರರನ್ನು ಸಾಯಿಸಿದ್ದೆ. ಮನಸ್ಸೊಪ್ಪಲಿಲ್ಲ, ತೆಗೆದೆ.)

ಈನಿಡ್ ಕೇಳಲು ಹೋದಳು. ಕೋಟು ಬಿಚ್ಚಲಿಲ್ಲ.

“ನಮ್ಮಪ್ಪ ಹೆಂಗ ಊದತಿದ್ದ, ಮಾಸ್ತರ?”

“ಟಾಲರಬ್ಲಿ.”

“ನಾನು?”

“ಹೇಳೇನಲ್ಲ. ವಂಡರ್‌ಫುಲ್ಲಿ.”

“ಪಾದ್ರಿ ಹೆಂಡ್ತಿಗೆ ಹೇಳಿದಂಗ ನನಗ ಹೇಳಬ್ಯಾಡ್ರಿ. ಅಷ್ಟ ಬ್ಯಾಸರಾಗಿದ್ರ ಬೈರಿ, ತಿಂತೀನಿ.”

ಮಾಸ್ತರರು ಬಹಳ ಹೊತ್ತು ಕೆಮ್ಮಿದರು. ಆಮೇಲೆ ಅಂದರು: “ನಿಮ್ಮಪ್ಪ ಊದಿದ್ರ ನನಗ ರಾತ್ರಿ ನಿದ್ದಿ ಬರ್ತಿರಲಿಲ್ಲವಾ, ಅಷ್ಟು ಚಂದ. ಒಮ್ಮೆರ ಅವಗ ಹೇಳಬೇಕಂತ ಇದ್ದೆ. ನಾಚಿಕಿ. ಟಾಲರಬ್ಲಿ ಅನ್ನಾಕೂ ಅಂವ ಸಾಯೂಮಟಾ ಕಾದೆ. ನಿನಗೂ ಹಂಗ ಮಾಡ್ಲೇನು?”

ಈನಿಡ್ ಕುರ್ಚಿ ಎಳೆದುಕೊಂಡು ಕೂತಳು. ಅಪ್ಪ ಎಷ್ಟೋ ಸಲ ತಾಲೀಮಿನಿಂದ ಬಂದು, ಊಟ ಮಾಡದೆ, ಮುಖ ಸಣ್ಣದು ಮಾಡಿಕೊಂಡು ಒಲೆಯ ಮುಂದೆ ಕೂತಿರುತ್ತಿದ್ದ. ಯಾಕೆಂದು ಅವಳಿಗೆ ಈಗ ತಿಳಿಯಿತು. ಮಾಸ್ತರರ ಮೇಲೆ ಕೆಟ್ಟ ಸಿಟ್ಟು ಬಂತು. ಅವರ ಕೈ ಹಿಡಿದುಕೊಳ್ಳಬೇಕೆಂದೂ ಅನ್ನಿಸಿತು.

“ಅದಿರ್ಲಿ,” ಅಂದರು ಮಾಸ್ತರರು, ಗೋಡೆಯ ಕಡೆ ನೋಡುತ್ತ. “ಇಷ್ಟ ವರ್ಷ ಈ ಬ್ಯಾಂಡ್ ನಡಿಸಿದೆ. ಯಾರೂ ಏನೂ ಅನ್ನಲಿಲ್ಲ. ನಾ ಹೆಂಗ ನಡಿಸಿದ್ನವಾ?”

ಅವಳು ಬಾಯಿ ತೆರೆದಳು. ನಾನು ಪೆನ್ನು ಊರಿ ಕಾದೆ. ಊರಿನ ದೊಡ್ಡ ಮಾತು ‘ಟಾಲರಬ್ಲಿ’ ಹೇಳುತ್ತಾಳೋ, ಮಾಸ್ತರರ ಹೊಸ ಮಾತು ‘ವಂಡರ್‌ಫುಲ್ಲಿ’ ಹೇಳುತ್ತಾಳೋ? ಅಪ್ಪನನ್ನು ಒಂದು ಮಾತಿಗೆ ಅಷ್ಟು ವರ್ಷ ಕಾಯಿಸಿದ್ದಕ್ಕೆ ಎರಡನ್ನೂ ಹೇಳದೆ ಎದ್ದುಹೋದರೂ ತಪ್ಪೆನ್ನಲಾರೆ.

ಈನಿಡ್ ನನ್ನ ಕಡೆ ತಿರುಗಿದಳು.

“ನೀವ್ಯಾಕ್ರೀ ಇಲ್ಲಿ? ಇದು ನಮ್ಮಿಬ್ಬರ ಮಾತು. ಹೊರಗ ನಡೀರಿ.”

ನನ್ನ ಕತೆಯಿಂದ ನನ್ನನ್ನೇ ಅಟ್ಟಿ ಬಾಗಿಲು ಹಾಕಿಕೊಂಡಳು. ಓಣಿಯಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಒಳಗೆ ಮಾಸ್ತರರು ಚಿಕ್ಕ ಮಕ್ಕಳ ಹಾಗೆ ಅತ್ತದ್ದು ಕೇಳಿಸಿತು. ಅವಳು ಏನಂದಳೆಂದು ನನ್ನನ್ನು ಕೇಳಬೇಡಿ.