ಮೀಸೆಯಿದ್ದ ಹುಣ್ಣಿಮೆ

ನಮ್ಮದು ಕನ್ನಡಿ ಅಂಗಡಿ. ಇವರು ಗಾಜು ಕೊಯ್ಯುತ್ತಾರೆ, ನಾನು ಚೌಕಟ್ಟು ಕೂರಿಸುತ್ತೇನೆ. ಮಗುವಾಗಲೆಂದು ಮಾಡಿಸಿದ ಚಿಕಿತ್ಸೆ ಎರಡು ಸಲ ಕೈಕೊಟ್ಟ ಮೇಲೆ ಡಾಕ್ಟರಮ್ಮ, "ಈ ಸಲ ಸ್ಟೀರಾಯ್ಡ್ ಮಾತ್ರೇನೂ ಜೊತೆಗಿರ್ಲಿ" ಎಂದಿದ್ದರು. ಆ ಮಾತ್ರೆಗೆ ನನ್ನ ನಿದ್ದೆ ತೆಳ್ಳಗಾಯಿತು, ಮುಖ ಊದಿ ದುಂಡಗಾಯಿತು. ಅಂಗಡಿಯ ಕನ್ನಡಿಗಳಲ್ಲಿ ಗೋಡೆಯಿಂದ ಗೋಡೆಗೆ ನನ್ನ ಮುಖಗಳು ಹುಣ್ಣಿಮೆಗಳಂತೆ ತೇಲುತ್ತಿದ್ದವು.

ಒಂದು ಮಧ್ಯಾಹ್ನ ಅವುಗಳ ನಡುವೆ ಮೀಸೆಯಿದ್ದ ಹುಣ್ಣಿಮೆಯೊಂದು ಕಂಡಿತು. ಕನಸೆಂದುಕೊಂಡೆ. ತಿರುಗಿದರೆ ಇವರು!

"ರೀ, ನೀವ್ಯಾಕೆ ಹೀಗೆ ಊದಿದೀರಿ?"

ನನ್ನ ಚೀಟಿ ತೋರಿಸಿ ಅದೇ ಮಾತ್ರೆ ತಂದು ತಾವೂ ನುಂಗುತ್ತಿದ್ದರಂತೆ. "ಏನಾದ್ರೂ ಎಡವಟ್ಟಾಗೋದಿದ್ರೆ ಮೊದ್ಲು ನಂಗಾಗ್ಲಿ ಅಂತ ಕಣೇ."

ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ದರದರ ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಇವರನ್ನು ಚೆನ್ನಾಗಿ ಗದರಿದರು. "ಒಂದೇ ಸಲ ನಿಲ್ಲಿಸ್ಬೇಡಿ. ನಾನು ಹೇಳ್ದಂಗೆ ಇಳಿಸ್ತಾ ಬನ್ನಿ."

"ನಂದು?" ಎಂದೆ. "ಇದ್ರಿಂದ ಬಸಿರು ನಿಲ್ಲುತ್ತಾ?"

ಅವರ ದನಿ ಇಳಿಯಿತು. "ನಿಲ್ಲುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲಮ್ಮ. ನಿಮ್ಮನ್ನ ಬರಿಗೈಲಿ ಕಳಿಸೋಕೆ ಮನಸ್ಸಾಗ್ಲಿಲ್ಲ. ನಿಮ್ದೂ ಇಳಿಸೋಣ."

ಮೈಯೆಲ್ಲ ಉರಿಯಿತು. ಒಬ್ಬರು ಕನಿಕರಕ್ಕೆ ಕೊಟ್ಟರು, ಇನ್ನೊಬ್ಬರು ಪ್ರೀತಿಗೆ ನುಂಗಿದರು, ಯಾರನ್ನೆಂದು ಬೈಯಲಿ?

ಅಂಗಡಿಗೆ ಮರಳಿದಾಗ ಕನ್ನಡಿಗಳ ತುಂಬ ನಾವಿಬ್ಬರೇ, ಜೋಡಿ ಜೋಡಿ ಹುಣ್ಣಿಮೆ. ಇವರು ಬಟ್ಟೆ ತೆಗೆದುಕೊಂಡು, ಮಂಡಿಯೂರಿ, ಮಗುವಿನ ಮುಖ ಬರುವಷ್ಟು ಎತ್ತರದಲ್ಲಿ ಗಾಜು ಒರೆಸತೊಡಗಿದರು.