ಬುಷ್ಷಿನ ಮೇಲೊಂದು ಗೆರೆ

ಬಲಗಡೆಯ ಚಕ್ರದ ಬುಷ್ ಮತ್ತೆ ಹರಿದ ದಿನ ನನ್ನ ಮಗಳು ಅಳಲೂ ಇಲ್ಲ, ಬೈಯಲೂ ಇಲ್ಲ. ವ್ಯಾನಿನ ಹಿಂಬಾಗಿಲು ತೆರೆದಿಟ್ಟು, ಒಡೆದ ಮೊಟ್ಟೆಯ ಲೋಳೆಯನ್ನು ನನ್ನ ಅಂಗಡಿಯ ಚಿಂದಿಬಟ್ಟೆಯಿಂದ ಒರೆಸುತ್ತ ಕೂತಳು. ಒರೆಸಿದ ಕಡೆಯೇ ಒರೆಸುತ್ತಿದ್ದಳು. ಅತ್ತಿದ್ದರೇ ಚೆನ್ನಾಗಿತ್ತು.

"ಬೇಕರಿಯಮ್ಮ ಏನಂದ್ಳೇ?" ಎಂದು ಕೇಳಿದೆ.

"ನಾಳೆ ಸಾಯಂಕಾಲದ ಲೋಡೇ ಕೊನೇ ಪರೀಕ್ಷೆ ಅಂತೆ. ಒಂದು ಟ್ರೇ ಒದ್ದೆಯಾಗಿದ್ರೂ ಇಳಿಸಲೇಬೇಡ, ಹಾಗೇ ತಿರುಗಿಸ್ಕೊಂಡು ಹೋಗು ಅಂದ್ಳು. ಇನ್ನೊಬ್ಬ ವ್ಯಾನಿನವನು ಆಗ್ಲೇ ಅವಳ ಬಾಗಿಲಲ್ಲಿ ಹಲ್ಲು ಕಿರಿದುಕೊಂಡು ನಿಂತಿದಾನಮ್ಮ."

ಆ ಒಂದು ಬೇಕರಿಯನ್ನು ನಂಬಿಯೇ ಅವಳು ನನ್ನ ಹೊಲಿಗೆ ಅಂಗಡಿ ಬಿಟ್ಟು ಈ ಬ್ಯಾಟರಿ ವ್ಯಾನು ತಂದದ್ದು. ಕೋಳಿ ಫಾರಂನಿಂದ ಮೊಟ್ಟೆ ತುಂಬಿ ದಿನಾ ಸಾಯಂಕಾಲ ಬೇಕರಿಗೆ ಮುಟ್ಟಿಸುವುದು ಅವಳ ಕೆಲಸ. ಬೇಕರಿ ಕೈಬಿಟ್ಟರೆ ವ್ಯಾನಿಗೂ ಕೆಲಸವಿಲ್ಲ, ಅವಳಿಗೂ ಇಲ್ಲ. ವ್ಯಾನು ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡುತ್ತದೆ ಎಂದು ಮೊದಮೊದಲು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು. ಬೇರೆ ಸದ್ದೇ ಇಲ್ಲದ್ದರಿಂದ ಈಗ ಹಿಂದಿನ ಚಕ್ರದ 'ಟಕ್ ಟಕ್' ಬೀದಿಯ ಆ ತುದಿಯಿಂದಲೇ ಕೇಳಿಸುತ್ತಿತ್ತು.

ಬುಷ್ ಅಂದರೆ ಮಹಾ ದೊಡ್ಡದೇನಲ್ಲ. ಅಂಗೈಯಲ್ಲಿ ಹಿಡಿಸುವ ರಬ್ಬರಿನ ಉಂಡೆ. ನಡುವೆ ಕಬ್ಬಿಣದ ಕೊಳವೆ, ಸುತ್ತ ಕಬ್ಬಿಣದ ಬಳೆ. ಹಿಂದಿನ ಚಕ್ರವನ್ನು ಹಿಡಿದಿರುವ ಉದ್ದನೆಯ ತೋಳು ವ್ಯಾನಿನ ಅಡಿಗೆ ಸೇರುವ ಜಾಗದಲ್ಲಿ ಅದು ಕೂತಿರುತ್ತದೆ. ರಸ್ತೆಯ ಪೆಟ್ಟನ್ನು ಅದು ನುಂಗಬೇಕು. ನುಂಗದಿದ್ದರೆ ಪೆಟ್ಟು ಮೊಟ್ಟೆಗೆ.

ಅದನ್ನು ಎರಡು ಸಲ ಬದಲಾಯಿಸಿದವನು ನನ್ನ ತಮ್ಮ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ತಲೆ ನರೆಸಿಕೊಂಡವನು. ಮನೆಯಲ್ಲೂ ಬೀದಿಯಲ್ಲೂ ಅವನನ್ನು 'ಡಿಪೋ' ಅಂತಲೇ ಕರೆಯುವುದು. ಹರಿದ ಬುಷ್ಷನ್ನು ಕಂಡಾಗಲೆಲ್ಲ ಅವನದು ಒಂದೇ ಮಾತು: "ಮಾಲು ಸರಿಯಿಲ್ಲ. ಈಗಿನ ರಬ್ಬರು ರಬ್ಬರೇ ಅಲ್ಲ."

ಮರುದಿನ ಬೆಳಗ್ಗೆ ಹೊಸ ಬುಷ್ ಹಿಡಿದುಕೊಂಡು ನಮ್ಮ ಅಂಗಡಿಯ ಹಿಂದಿನ ಅಂಗಳಕ್ಕೆ ಬಂದ. ಜಾಕ್ ಕೊಟ್ಟು ವ್ಯಾನಿನ ಹಿಂಭಾಗ ಎತ್ತಿ, ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಚಕ್ರ ಕಳಚಿ, ಚಾಪೆ ಹಾಸಿಕೊಂಡು ಅಡಿಗೆ ನುಸುಳಿದ. ಆಮೇಲೆ ಅವನು ಕಾಣಿಸಲಿಲ್ಲ, ಬೈಗುಳ ಮಾತ್ರ ಕೇಳಿಸಿತು.

ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟ, ಕಾಯಿಸಿದ, ಬಡಿದ. ಕೊನೆಗೆ ಅದು ಜರುಗಿತು, ಜರುಗಿ ಮುಕ್ಕಾಲು ಭಾಗ ಹೊರಗೆ ಬಂದು ಬ್ಯಾಟರಿ ಪೆಟ್ಟಿಗೆಗೆ ತಲೆ ಕೊಟ್ಟು ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಇದನ್ನ ಮಾಡಿದೋನು ಯಾವತ್ತಾದ್ರೂ ಬಿಚ್ಚಿ ನೋಡಿದಾನೇನೇ?" ಅಡಿಯಿಂದ ಕೂಗಿದ. "ಬೋಲ್ಟಿನ ಎದುರಿಗೆ ತಂದು ಬ್ಯಾಟರಿ ಇಟ್ಟಿದಾನಲ್ಲ! ಬಾಗಿಲೆದುರಿಗೆ ಬೀರು ಇಟ್ಟ ಹಾಗೆ!"

"ಹೋದ ಸಲಾನೂ ಇದನ್ನೇ ಅಂದೆ ಮಾವ. ಆವಾಗ ಹೇಗೆ ತೆಗೆದೆ?"

"ನೆನಪಿದ್ದಿದ್ರೆ ತೆಗೀತಿರಲಿಲ್ವಾ?"

ಮಗಳು ನನ್ನ ಮುಖ ನೋಡಿದಳು. ನಾನು ಕೈಯಲ್ಲಿದ್ದ ಅಂಗಿಯ ಕಾಲರು ನೋಡಿದೆ. ಕೊನೆಗೆ ತೋಳಿನ ಇನ್ನೊಂದು ತುದಿ ಬಿಚ್ಚಿ, ಅದನ್ನು ಕೆಳಗಿಳಿಸಿ ಓರೆ ಮಾಡಿದಾಗ ಬೋಲ್ಟು ಏನೂ ಆಗೇ ಇಲ್ಲವೆಂಬಂತೆ ಜಾರಿ ಅವನ ಎದೆಯ ಮೇಲೆ ಬಿತ್ತು. ಅಷ್ಟು ಹೊತ್ತಿಗೆ ನಾನಿಟ್ಟ ಟೀ ಎರಡು ಸಲ ತಣ್ಣಗಾಗಿತ್ತು.

ತೋಳು ಹೊರಬಂತು. ಹಳೆಯ ಬುಷ್ಷನ್ನು ಒತ್ತಿ ತೆಗೆದು ಹೊಸದನ್ನು ಒತ್ತಿ ಕೂರಿಸುವುದು ಲೇತ್ ಅಂಗಡಿಯವನ ಕೆಲಸ. ಒಯ್ಯುವ ಮುಂಚೆ ಇನ್ನೊಂದು ಜಗಳ. ಆ ರಬ್ಬರಿನಲ್ಲಿ ಒಂದು ಕಡೆ ಟೊಳ್ಳಿದೆ. ಟೊಳ್ಳು ಮೇಲೆ ಬರಬೇಕು ಎಂದು ಅವನು, ಮುಂದೆ ಬರಬೇಕು ಎಂದು ಇವಳು. ಹಳೆಯದನ್ನು ನೋಡಿದರೆ ಟೊಳ್ಳು ಮುಂದೆಯೇ ಇತ್ತು. ಆದರೂ ಅವನದು ಹಠ.

"ಕೊಡಿ ಇಲ್ಲಿ," ಎಂದು ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡೆ. ಹಳೆಯದು ಹೇಗಿತ್ತೋ ಹಾಗೇ ಹೊಸದನ್ನು ಹಿಡಿದು, ತೋಳಿನ ಕಬ್ಬಿಣದಿಂದ ಶುರುಮಾಡಿ ಬಳೆ, ರಬ್ಬರು, ನಡುವಿನ ಕೊಳವೆ ಎಲ್ಲಕ್ಕೂ ಸೇರಿಸಿ ಒಂದೇ ನೇರ ಗೆರೆ ಎಳೆದೆ. ಅಂಗಿಗೆ ತೋಳು ಕೂರಿಸುವಾಗ ಎರಡು ಬಟ್ಟೆಗೂ ಸೇರಿಸಿ ಗುರುತು ಹಾಕುವುದು ನನಗೆ ರೂಢಿ. ಇಲ್ಲದಿದ್ದರೆ ಮುಂದಿನದು ಹಿಂದಾಗಿ, ಹಾಕಿಕೊಂಡವನ ಕೈ ಮೇಲೇಳುವುದಿಲ್ಲ.

"ದರ್ಜಿ ಕೆಲಸ ಅಂದ್ಕೊಂಡೆಯೇನಕ್ಕಾ?" ಎಂದ ತಮ್ಮ.

"ಗೆರೆ ಕೂಡಿದ್ರೆ ಸಾಕು. ಜಗಳ ಆಡ್ಬೇಡಿ, ಹೋಗು."

ಲೇತ್ ಅಂಗಡಿಯಿಂದ ಗೆರೆ ಕೂಡಿಯೇ ಬಂತು. ತಮ್ಮ ತೋಳನ್ನು ಮತ್ತೆ ಜೋಡಿಸಿ, ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಬೋಲ್ಟು ಬಿಗಿದ. ಬೋಲ್ಟು 'ಕಿರ್' ಎನ್ನುವ ತನಕ ಬಿಡಲಿಲ್ಲ. ಜಾಕ್ ಇಳಿಸಿ ಕೈ ಒರೆಸಿಕೊಂಡು, "ಇನ್ನು ಆನೆ ಹತ್ತಿಸಿದ್ರೂ ಅಲ್ಲಾಡಲ್ಲ," ಎಂದ.

ಮಗಳು ಬೀಗದ ಕೈ ತೆಗೆದುಕೊಂಡಳು. ಫಾರಂನಿಂದ ಆಗಲೇ ಫೋನು ಬಂದಿತ್ತು, ಮೊಟ್ಟೆ ತಯಾರಿದೆ ಎಂದು. ಬೇಕರಿಯಲ್ಲಿ ಸಂಜೆಯ ಕೇಕಿನ ಹಿಟ್ಟು ಕಲಸುವ ಮುಂಚೆ ಮುಟ್ಟಬೇಕು.

ಅಷ್ಟರಲ್ಲಿ ತಮ್ಮನ ಒಂದು ಸಾಕೆಟ್ಟು, ಬೋಲ್ಟಿನ ತಲೆಗೆ ಸಿಕ್ಕಿಸುವ ಕಬ್ಬಿಣದ ಟೋಪಿ, ಕಾಣೆಯಾಯಿತು. ಅದಿಲ್ಲದೆ ಅವನಿಗೆ ಊಟ ಸೇರದು. ನನಗೆ ಬಗ್ಗುವುದು ಕಷ್ಟ, ಮಲಗುವುದು ಸುಲಭ. ಟಾರ್ಚು ಹಿಡಿದು ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ ವ್ಯಾನಿನ ಅಡಿಗೆ ಬೆಳಕು ಬಿಟ್ಟೆ. ಸಾಕೆಟ್ಟು ಸಿಗಲಿಲ್ಲ. ನನ್ನ ಗೆರೆ ಕಂಡಿತು. ಬಳೆಯ ಮೇಲೆ ಒಂದು ಕಡೆ, ಕೊಳವೆಯ ಮೇಲೆ ಇನ್ನೊಂದು ಕಡೆ, ನಡುವಿನ ರಬ್ಬರಿನ ಮೇಲೆ ಹಿಂಡಿದ ಬಟ್ಟೆಯ ನೆರಿಗೆಯ ಹಾಗೆ ಓರೆ.

"ಬಾರೋ ಇಲ್ಲಿ. ನನ್ನ ಗೆರೆ ಸೊಟ್ಟ ಆಗಿದೆ."

"ನೀನೇ ಸೊಟ್ಟ ಎಳೆದಿರ್ತೀಯ."

"ನಾನು ಸೊಟ್ಟ ಎಳೆಯೋ ಹಾಗಿದ್ರೆ ಈ ಬೀದಿಯ ಅರ್ಧ ಜನ ಸೊಟ್ಟ ಅಂಗಿ ಹಾಕ್ಕೊಂಡು ಓಡಾಡ್ತಿದ್ರು ಕಣೋ. ಬಂದು ನೋಡು."

ಬಂದು ನನ್ನ ಪಕ್ಕ ಮಲಗಿ ನೋಡಿದ. ಎದ್ದು ಜಾಕ್ ತಂದು ವ್ಯಾನು ಎತ್ತಿದ. ಚಕ್ರ ನೇತಾಡಿದ ಕೂಡಲೇ ಗೆರೆ ನೇರವಾಯಿತು. ಇಳಿಸಿದ, ಸೊಟ್ಟ. ಮತ್ತೆ ಎತ್ತಿದ, ನೇರ. ಇಳಿಸಿದ, ಸೊಟ್ಟ. ಮಗಳೂ ಮಲಗಿ ನೋಡಿದಳು. ಮೂವರೂ ಸಾಲಾಗಿ ನೆಲದ ಮೇಲೆ.

"ಮಾವ," ಎಂದಳು ಮಗಳು, "ನೇತಾಡ್ತಿರುವಾಗ ನೀನು ಬಿಗಿ ಮಾಡಿಬಿಡ್ತೀಯ. ಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತೆ. ಇಳಿಸಿದ್ಮೇಲೆ ರಬ್ಬರು ಇಡೀ ದಿನ ತಿರುಚಿಕೊಂಡೇ ಇರುತ್ತೆ. ಮೇಲೆ ಲೋಡು ಬೇರೆ. ಹರಿಯದೆ ಇನ್ನೇನಾಗುತ್ತೆ?"

"ಡಿಪೋದಲ್ಲಿ ಚಕ್ರ ನೆಲದ ಮೇಲಿದ್ದಾಗ ಅಡಿಗೆ ಹೋಗಿ ಸ್ಪ್ಯಾನರ್ ಹಾಕಿದ್ರೆ ಕೆಲಸದಿಂದ ತೆಗೀತಿದ್ರು," ಎಂದ ತಮ್ಮ. ಯಾರ ಮುಖವನ್ನೂ ನೋಡದೆ ಎಂದ. "ಒಬ್ಬನ ಕೈ ಹೋಗಿತ್ತು. ಅವತ್ತಿಂದ ಎಲ್ಲಾ ಗಾಳಿಯಲ್ಲೇ ಬಿಗಿ ಮಾಡೋದು ನಾವು."

ಯಾರಿಗೆ ಬೈಯುವುದು? ಮಗಳು ಎದ್ದು ಮೈಮೇಲಿನ ಮಣ್ಣು ಕೊಡವಿಕೊಂಡಳು.

"ಸರಿ, ಇವತ್ತಿಗೆ ತಾಳುತ್ತಲ್ಲ? ನಾನು ಹೊರಟೆ. ನಾಳೆ ನೋಡೋಣ."

ತಮ್ಮ ಹೋಗಿ ವ್ಯಾನಿನ ಮುಂದೆ ನಿಂತುಬಿಟ್ಟ.

"ಇವತ್ತು ತಾಳುತ್ತೆ. ಹೋದ ಸಲಾನೂ ಅವತ್ತು ತಾಳಿತ್ತು. ಬೀಗದ ಕೈ ಕೊಡು."

"ಮಾವ, ಹೊತ್ತಾಯ್ತು! ತಡ ಆದ್ರೂ ಬೇಕರಿಯಮ್ಮ ಓಡಿಸ್ತಾಳೆ, ಒಡೆದ್ರೂ ಓಡಿಸ್ತಾಳೆ. ನನ್ನ ಹಣೇಬರಹ ನಿಮ್ಮಿಬ್ಬರ ಕೈಗೆ ಸಿಕ್ಕಿದೆಯಲ್ಲ!"

"ಬೈಯಿ. ಬೈದುಕೊಂಡೇ ಆ ಹಲಗೆ ತಗೊಂಡು ಬಾ. ಚಕ್ರ ಊರಿರುವಾಗಲೇ ಬಿಚ್ಚಿ ಬಿಗಿ ಮಾಡ್ತೀನಿ."

ನಾಲ್ಕು ಚಕ್ರಗಳ ಅಡಿಗೂ ದಪ್ಪ ಮರದ ಹಲಗೆ ಕೊಟ್ಟು, ಚಕ್ರಗಳಿಗೆ ಕಲ್ಲಿನ ತಡೆ ಇಟ್ಟು, ಅಡಿಗೆ ನುಸುಳುವಷ್ಟು ಜಾಗ ಮಾಡಿಕೊಂಡ. ಬೇಡವೆಂದರೂ ಕೇಳದೆ ಸ್ಟ್ಯಾಂಡನ್ನೂ ಪಕ್ಕದಲ್ಲಿ ಇಟ್ಟುಕೊಂಡ. ಅಡಿಗೆ ಹೋಗುವ ಮುಂಚೆ ತಡೆಗಳನ್ನೆಲ್ಲ ಇನ್ನೊಂದು ಸಲ ಒದ್ದು ನೋಡಿದ. ಅದನ್ನು ಕಂಡು ಮಗಳು ಬೈಯುವುದನ್ನು ನಿಲ್ಲಿಸಿದಳು.

"ಖಾಲಿ ವ್ಯಾನಿಗೆ ಬಿಗಿ ಮಾಡಿದ್ರೆ ಸಾಲದು," ಎಂದ ಅಡಿಯಿಂದ. "ಲೋಡಿನಷ್ಟು ಭಾರ ಬೇಕು. ಸಿಕ್ಕಿದ್ದೆಲ್ಲ ಹತ್ತಿಸಿ."

ಕಬ್ಬಿಣದ ಕಾಲಿನ ಎರಡು ಹೊಲಿಗೆ ಯಂತ್ರ ಹತ್ತಿಸಿದೆವು. ನೀರು ತುಂಬಿದ ಡ್ರಮ್ಮು ಹತ್ತಿಸಿದೆವು. ಸಾಲದು ಎಂದ. ಪಕ್ಕದ ಕ್ಷೌರದಂಗಡಿಯವನನ್ನು ಮಗಳು ಎಳೆದು ತಂದಳು. ಅವನ ಹಿಂದೆಯೇ ಒಂದು ಕೆನ್ನೆಗೆ ಮಾತ್ರ ನೊರೆ ಹಚ್ಚಿಸಿಕೊಂಡ ಗಿರಾಕಿಯೂ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡೇ ಬಂದು ಹತ್ತಿದ. ಕ್ಷೌರದವನ ಹೆಂಡತಿ ಹತ್ತಿದಳು. ಕೊನೆಗೆ ನನ್ನನ್ನೂ ಕೈಹಿಡಿದು ಹತ್ತಿಸಿದರು.

"ಎಲ್ಲಿಗೆ ಹೋಗ್ತಿದೀವಿ?" ಎಂದ ಗಿರಾಕಿ.

"ಎಲ್ಲಿಗೂ ಇಲ್ಲ. ಸುಮ್ನೆ ಭಾರವಾಗಿ ಕೂತ್ಕೊಳಿ," ಎಂದಳು ಮಗಳು.

"ಅದು ನನ್ನ ಹೆಂಡತಿ ದಿನಾ ಹೇಳೋದೇ," ಎಂದ ಕ್ಷೌರದವನು. ಹೆಂಡತಿ ಮೊಣಕೈಯಿಂದ ತಿವಿದಳು. ವ್ಯಾನು ಅಲ್ಲಾಡಿತು.

"ಯಾರದು ಕುಣಿಯೋದು?" ಅಡಿಯಿಂದ ಗದರಿಕೆ. ಎಲ್ಲರೂ ಉಸಿರು ಹಿಡಿದು ಕೂತೆವು.

ಸ್ಪ್ಯಾನರು ಕಚ್ಚಿತು, ಬೋಲ್ಟು ಸಡಿಲಾಯಿತು. ಆಮೇಲೆ ನಮ್ಮ ಕಾಲಡಿಯಲ್ಲಿ ಒಂದು 'ಟಪ್'. ಹಿಂಡಿಸಿಕೊಂಡಿದ್ದ ರಬ್ಬರು ಬಿಡಿಸಿಕೊಂಡ ಸದ್ದು. "ಗೆರೆ ನೇರ ಆಯ್ತು," ಎಂಬ ಮಾತು ಕೇಳಿಸಿತು. ಅವನು ಹಾಗೆಯೇ, ನಮ್ಮೆಲ್ಲರ ಭಾರ ತಲೆಯ ಮೇಲಿರುವಾಗಲೇ, ಬೋಲ್ಟು ಬಿಗಿದ.

ನಾವು ಇಳಿಯಲು ಎದ್ದೆವು.

"ಕೂತಿರಿ," ಎಂದ. ಚಾಪೆ ಎಡಕ್ಕೆ ಜರುಗಿದ ಸದ್ದಾಯಿತು. ಆಮೇಲೆ ಸಣ್ಣ ದನಿಯಲ್ಲಿ, "ಎಡಗಡೆಯದನ್ನೂ ಹೋದ ಸಲ ನಾನೇ ಹಾಕಿದ್ದು. ಅದೂ ಹಾಗೇ."

ಮಗಳು ಹಣೆ ಚಚ್ಚಿಕೊಂಡಳು. ಗಿರಾಕಿಯ ಕೆನ್ನೆಯ ನೊರೆ ಒಣಗಿ ಬಿರುಕು ಬಿಟ್ಟಿತ್ತು.

ಎಡಗಡೆಯದೂ 'ಟಪ್' ಎಂದಿತು. ನಾವು ಇಳಿದು, ಯಂತ್ರ ಇಳಿಸಿ, ಡ್ರಮ್ಮು ಉರುಳಿಸಿ, ಅಂಗಳವೆಲ್ಲ ನೀರು ಮಾಡಿಕೊಳ್ಳುವಷ್ಟರಲ್ಲಿ ಮಗಳು ವ್ಯಾನು ಹತ್ತಿ ಹೊರಟುಬಿಟ್ಟಳು. ಹೋಗುತ್ತೇನೆ ಎಂದು ಹೇಳಲೂ ಇಲ್ಲ. ವ್ಯಾನು ತಿರುವು ದಾಟುವವರೆಗೂ ಐವರೂ ಕಿವಿಗೊಟ್ಟು ನಿಂತೆವು. 'ಟಕ್' ಕೇಳಿಸಲಿಲ್ಲ.

ತಮ್ಮ ಊಟ ಮುಟ್ಟಲಿಲ್ಲ. ಸಾಕೆಟ್ಟಿಲ್ಲದ್ದಕ್ಕೆ ಎಂದ. ಬಾಗಿಲ ಮೆಟ್ಟಿಲ ಮೇಲೆ ಕೂತು ಉಗುರಿನೊಳಗಿನ ಕೊಳೆಯನ್ನು ಕೆರೆದೇ ಕೆರೆದ. ನಾನು ಕಾಜಾ ಹೊಲಿಯುತ್ತ ಕೂತೆ. ಬೀದಿಯ ದೀಪ ಹತ್ತಿದ ಮೇಲೆ ನನ್ನ ಫೋನು ಬಡಿದುಕೊಂಡಿತು.

"ಅಮ್ಮ, ತಡ ಮಾಡಿದೆ ಅಂತ ಬೇಕರಿಯಮ್ಮ ಬಾಯಿಗೆ ಬಂದ ಹಾಗೆ ಬೈದ್ಳು. ಎಲ್ಲರೆದುರಿಗೇ. ಆ ಇನ್ನೊಬ್ಬ ವ್ಯಾನಿನವನೂ ಅಲ್ಲೇ ಇದ್ದ."

"ಟ್ರೇ?"

"ಒಂದೊಂದನ್ನೂ ಎತ್ತಿ ಅಡಿ ಮುಟ್ಟಿ ನೋಡಿದ್ಳಮ್ಮ. ಎಲ್ಲಾ ಒಣಗಿತ್ತು. ನಾಳೆ ಹೊತ್ತಿಗೆ ಸರಿಯಾಗಿ ಬಾ, ಇಲ್ಲಾಂದ್ರೆ ನೋಡು ಅಂದು ಒಳಗೆ ಹೋದ್ಳು." ಫೋನು ಇಡುವ ಮುಂಚೆ, "ಮಾವನಿಗೆ ಹೇಳು. ಅವನ ಸಾಕೆಟ್ಟು ನನ್ನ ಸೀಟಿನ ಮೇಲಿತ್ತು. ನಾನು ಅದರ ಮೇಲೇ ಕೂತ್ಕೊಂಡು ಬಂದೆ. ಇಡೀ ದಾರಿ."

ಹೇಳಿದೆ. ಸಾಕೆಟ್ಟಿನ ವಿಷಯ ಮೊದಲು ಹೇಳಿದೆ, ಟ್ರೇಯದ್ದು ಆಮೇಲೆ. ಅವನು ತಲೆಯಾಡಿಸಿದ. "ಆದ್ರೂ ಈಗಿನ ರಬ್ಬರು ರಬ್ಬರೇ ಅಲ್ಲ," ಎಂದ.

ಆಮೇಲೆ ಎದ್ದು ತನ್ನ ಸಾಮಾನಿನ ಪೆಟ್ಟಿಗೆಯನ್ನು ಜೋಡಿಸಿದ, ಮುಚ್ಚಿದ, ಎತ್ತಿಕೊಂಡ. ಬಾಗಿಲವರೆಗೆ ಹೋದವನು ತಿರುಗಿ ಬಂದು ನನ್ನ ಯಂತ್ರದ ಪಕ್ಕ ಕೈ ಚಾಚಿದ.

"ಏನೋ?"

"ಸೀಮೆಸುಣ್ಣ. ಒಂದು ತುಂಡು ಇದ್ರೆ ಕೊಡು."

ಇದ್ದುದರಲ್ಲಿ ಉದ್ದನೆಯದನ್ನೇ ಕೊಟ್ಟೆ. ಒಡೆಯದ ಹಾಗೆ ಅದನ್ನು ಚಿಂದಿಯಲ್ಲಿ ಸುತ್ತಿ, ಪೆಟ್ಟಿಗೆಯೊಳಗೆ ಸ್ಪ್ಯಾನರುಗಳ ಮೇಲೆ ಇಟ್ಟುಕೊಂಡು ಹೋದ.