ಐದು ಬೆರಳಿಗೆ ಜಾಗ

೧

ಗಂಗಾಮಣಿ ಬೀಡಿಯ ಬಾಯನ್ನು ಉಗುರಿನಿಂದ ಒಳಕ್ಕೆ ಮಡಚಿ, ದಾರ ಸುತ್ತಿ, ಮೊರದ ಅಂಚಿಗೆ ಹಾಕಿ, ಇನ್ನೊಂದು ಎಲೆ ಎತ್ತಿಕೊಂಡಳು.

ಇಲ್ಲಿಂದ ಶುರು ಮಾಡಲೇ? ಮಾಡಬಹುದು. ಆದರೆ ನೀವು ಇದನ್ನು ಬೀಡಿಯ ಕಥೆ ಎಂದುಕೊಳ್ಳುತ್ತೀರಿ. ಬಡತನ ಎಲ್ಲಿ, ಕೆಮ್ಮು ಎಲ್ಲಿ ಎಂದು ಕಾಯುತ್ತ ಕೂರುತ್ತೀರಿ. ಈ ಕಥೆಗೆ ಬರಬೇಕಾದದ್ದು ಒಂದು ಫೋನು, ಅಷ್ಟೇ.

ಹಾಗಾದರೆ ಫೋನಿನಿಂದಲೇ ಹಿಡಿಯೋಣ ಎಂದು ಹೀಗೆ ಬರೆದೆ: ‘ನೀಲಿ ಬಣ್ಣದ ಆ ಫೋನು ಹೈದರಾಬಾದಿನ ಹೊರಗಿನ ಒಂದು ಗೋದಾಮಿನಲ್ಲಿ, ಇನ್ನೂ ಯಾರ ಮುಖವನ್ನೂ ಕಾಣದೆ ಮಲಗಿತ್ತು.’ ಓದಿ ನೋಡಿ ಹೊಡೆದುಹಾಕಿದೆ. ಫೋನಿಗೆ ಮನಸ್ಸು ಕೊಟ್ಟು ಬರೆಯುವ ವಯಸ್ಸು ನನ್ನದಲ್ಲ.

ಮೊರದ ಹತ್ತಿರವೇ ವಾಪಸ್ ಬರೋಣ. ಮೆಟ್‌ಪಲ್ಲಿಯ ನೇಕಾರರ ಗಲ್ಲಿ, ಬೆಳಗಿನ ಹತ್ತು ಗಂಟೆ. ಜಗಲಿಯ ಈ ತುದಿಗೆ ಗಂಗಾಮಣಿ, ಆ ತುದಿಗೆ ಪಕ್ಕದ ಮನೆಯ ಜಮುನ, ಇಬ್ಬರ ಮಡಿಲಲ್ಲೂ ಒಂದೊಂದು ಮೊರ, ಎಲೆ, ಹೊಗೆಸೊಪ್ಪು, ಕತ್ತರಿ. ಗಂಗಾಮಣಿಗೆ ನಲವತ್ತಾರು. ಹನ್ನೊಂದನೆಯ ವಯಸ್ಸಿನಿಂದ ಬೀಡಿ ಕಟ್ಟುತ್ತಿದ್ದಾಳೆ. ಈ ಸಲ ಬೋನಸ್ ಬಂದ ವಾರ, ಕಾಲೇಜಿಗೆ ಹೋಗುವ ಮಗಳು ಸ್ರವಂತಿಯ ಕೈಲಿ ಫೋನ್ ಬುಕ್ ಮಾಡಿಸಿದ್ದಾಳೆ. ಐದು ದಿನಕ್ಕೆ ಬರುತ್ತದೆ ಎಂದಿತ್ತು.

ಈಗ ಮನೆಗೆಲ್ಲ ಇರುವುದು ಒಂದೇ ಫೋನು, ಗಂಡ ಸತ್ತಯ್ಯನದು. (ಕನ್ನಡದ ಓದುಗರು ಗಾಬರಿಯಾಗಬಾರದು. ಈ ಕಡೆ ಗಲ್ಲಿಗೊಬ್ಬ ಸತ್ತಯ್ಯನಿದ್ದಾನೆ, ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಹಿಂದಿನ ಕಥೆಗಳಲ್ಲಿ ಕಷ್ಟ ಬಂದಾಗಲೆಲ್ಲ ಒಬ್ಬ ಗಂಡನನ್ನು ಸಾಯಿಸಿ ದಡ ಸೇರಿದ್ದೇನೆ. ಈ ಸಲ ಹೆಸರೇ ಹೀಗಿರುವುದರಿಂದ ಆ ದಾರಿಯೂ ಮುಚ್ಚಿದೆ.) ಅವನು ಊರಾಚೆಯ ಮದುವೆ ಹಾಲ್‌ನಲ್ಲಿ ವಾಚ್‌ಮನ್. ಫೋನು ಅವನ ಜೇಬಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುತ್ತದೆ.

೨

ಬುಕ್ ಮಾಡಿದ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಸ್ರವಂತಿ ಹೊಸ ಫೋನಿನ ಗುಣಗಳನ್ನು ಒಂದೊಂದಾಗಿ ಒಪ್ಪಿಸಿದಳು. ಕ್ಯಾಮೆರಾ ಆಯಿತು, ಬ್ಯಾಟರಿ ಆಯಿತು, ಕೊನೆಗೆ ಬೀಗ. ಬೆರಳು ಒತ್ತಿದರೆ ತೆರೆಯುತ್ತದೆ, ಗುರುತಿಲ್ಲದ ಬೆರಳಿಗೆ ತೆರೆಯುವುದಿಲ್ಲ. ಒಟ್ಟು ಐದು ಬೆರಳಿನ ಗುರುತು ಹಾಕಿಸಬಹುದು.

"ಐದಾ? ಹಾಗಾದ್ರೆ ಸರಿಹೋಯ್ತು," ಎಂದ ಸತ್ತಯ್ಯ, ಅನ್ನಕ್ಕೆ ಪಚ್ಚಿಪುಲುಸಿನ ಹುಳಿಸಾರು ಸುರಿದುಕೊಳ್ಳುತ್ತ. "ನಂದೊಂದು, ಅವ್ವಂದೊಂದು, ನಿಂದೊಂದು, ನಿಮ್ಮಮ್ಮಂದೊಂದು. ಇನ್ನೊಂದು ಖಾಲಿ ಇರ್ಲಿ, ಯಾರಾದ್ರೂ ಬಂದೋರು ಹೋದೋರಿಗೆ."

ಅವನ ತಾಯಿ ನರ್ಸವ್ವ ತನ್ನದನ್ನು ಮೊದಲು ಹಾಕಬೇಕೆಂದಳು. ಸೀರಿಯಲ್ಲಿನ ಹೊತ್ತಿಗೆ ಇವರನ್ನೆಲ್ಲ ಹುಡುಕಿಕೊಂಡು ಬೀದಿ ತಿರುಗಲು ತನಗೆ ಮೊಣಕಾಲಿಲ್ಲವಂತೆ. ಬಸ್ಸು ಇನ್ನೂ ಸ್ಟ್ಯಾಂಡಿಗೆ ಬಂದಿಲ್ಲ, ಆಗಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಿದ್ದರು.

ಗಂಗಾಮಣಿ ಎಲ್ಲರ ಲೋಟಕ್ಕೂ ನೀರು ಹಾಕಿದಳು.

"ಎಷ್ಟು ಬೆರಳು ಅಂದೆ?"

"ಐದಮ್ಮಾ. ಐದು ತುಂಬಿದ್ರೆ ಮುಗೀತು, ಆರನೇದು ತಗೊಳ್ಳಲ್ಲ."

"ಹ್ಞೂಂ," ಎಂದು ತಾನೂ ಊಟಕ್ಕೆ ಕೂತಳು.

ಮಾರನೆಯ ದಿನ ಅವಳ ಎಡಗೈಯ ಉಂಗುರದ ಬೆರಳಿಗೆ ಹಳೆಯ ಸೀರೆಯ ಚಿಂದಿ ಸುತ್ತಿತ್ತು. ಕತ್ತರಿ ತಾಗಿತು ಎಂದು ಜಮುನಳಿಗೆ ಹೇಳಿದಳು.

೩

ಈಗ ನಾನೊಂದು ಕಾರಣ ಹುಡುಕಬೇಕು. ಒಬ್ಬ ಹೆಂಗಸು ಹೀಗೆ ದಿನ ಎಣಿಸುತ್ತ ಒಂದು ಫೋನಿಗಾಗಿ ಕಾದರೆ, ಅದರಲ್ಲೂ ಬೀಗದ ಮಾತು ಬಂದಾಗ ಮಾತ್ರ ಕಿವಿ ನಿಮಿರಿಸಿದರೆ, ಅಲ್ಲೊಂದು ಗುಟ್ಟು ಇರಲೇಬೇಕಲ್ಲ.

ಮೊದಲ ಕರಡು: ಚಿಕ್ಕಂದಿನಲ್ಲಿ ಜೊತೆಗೆ ಆಡಿದವನೊಬ್ಬ ಕರೀಂನಗರದಲ್ಲಿದ್ದಾನೆ. ಯಾರದೋ ಮದುವೆಯಲ್ಲಿ ಸಿಕ್ಕ, ನಂಬರ್ ಕೇಳಿದ. ಅರ್ಧ ಪುಟ ಸರಾಗವಾಗಿ ಹೋಯಿತು. ಅದನ್ನು ಜಗಲಿಗೆ ಹೋಗಿ ಗಂಗಾಮಣಿಗೆ ಓದಿ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟಳು. ಎಡಗೈಯ ತೋರುಬೆರಳಿನ ಚಿಂದಿಯನ್ನು ಸರಿಮಾಡಿಕೊಂಡಳು.

"ಅಮ್ಮಾ, ಅವನಿಗೀಗ ಹಲ್ಲಿದಾವಾ?"

ಗೊತ್ತಿಲ್ಲ, ಅದನ್ನಿನ್ನೂ ಬರೆದಿಲ್ಲ ಎಂದೆ.

"ದಿನಕ್ಕೆ ಸಾವಿರ ಬೀಡಿ ಕಟ್ಟಿ, ಎರಡು ಹೊತ್ತು ಬೇಯಿಸಿ, ಉಳಿದ ಟೈಮಲ್ಲಿ ಆ ಕೆಲಸನೂ ಮಾಡಬೇಕಾ ನಾನು? ಅವನನ್ನ ಕರೀರಿ, ಎಲೆ ನೆನೆಸಲಿ."

ಹರಿದುಹಾಕಿದೆ. ಎರಡನೆಯ ಕರಡಿನಲ್ಲಿ ಅವಳು ಚೆನ್ನಾಗಿ ಹಾಡುತ್ತಿದ್ದಳು, ಹಾಡನ್ನು ಲೋಕಕ್ಕೆ ಕೇಳಿಸುವ ಆಸೆಯಿತ್ತು. ಅದನ್ನು ಓದಿ ಹೇಳುವ ಮೊದಲೇ ಜಮುನ ನಕ್ಕಳು. ಗಂಗಾಮಣಿ ಹಾಡಿದರೆ ನರ್ಸವ್ವ ಕದ ಮುಚ್ಚಿಕೊಳ್ಳುತ್ತಾಳಂತೆ.

ಸೋತು, ಹಾಗಾದರೆ ಬೀಗದ ಒಳಗೆ ಏನಿಡುತ್ತೀ, ನೀನೇ ಹೇಳು ಎಂದೆ.

"ಬೀಗ ಹಾಕ್ಬೇಕು ಅಂದ್ರೆ ಒಳಗೆ ಕಳ್ಳಮಾಲು ಇರ್ಲೇಬೇಕಾ? ನೀವು ಬಚ್ಚಲಿಗೆ ಹೋದಾಗ ಚಿಲಕ ಹಾಕ್ಕೊಳ್ಳಲ್ವಾ ಅಮ್ಮಾ? ಒಳಗೆ ಏನು ಕದ್ದಿಟ್ಟಿರ್ತೀರಿ?"

ನಾನು ಹೊಸ ಹಾಳೆ ತೆಗೆದು ಅದರ ತಲೆಯಲ್ಲಿ ‘ಮೂರನೆಯ ಕರಡು’ ಎಂದು ಬರೆದೆ. ಅಷ್ಟರಲ್ಲಿ ಅವಳು ಹದಿನೈದು ಬೀಡಿ ಕಟ್ಟಿದ್ದಳು.

(ಬೆರಳಿನ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಮರೆಯುತ್ತದೆ. ಮೂವತ್ತೈದು ವರ್ಷ ಎಲೆ ಉಜ್ಜಿ ಉಜ್ಜಿ ಗಂಗಾಮಣಿಯ ಬೆರಳ ಗೆರೆಗಳು ಸವೆದುಹೋಗಿವೆ. ರೇಷನ್ ಅಂಗಡಿಯ ಯಂತ್ರಕ್ಕೆ ಅವಳು ಹೆಬ್ಬೆರಳು ಒತ್ತಿದರೆ ಯಾರೂ ಒತ್ತಿಲ್ಲವೆಂಬಂತೆ ಕೂತಿರುತ್ತದೆ. ಅವಳ ಹಿಂದೆ ಇಡೀ ಗಲ್ಲಿ ಸಾಲು ನಿಂತಿರುವಾಗ ಅಂಗಡಿಯವನು ಮುಂದಿನ ಬೆರಳು, ಅದರ ಮುಂದಿನದು ಎನ್ನುತ್ತ ಹತ್ತನ್ನೂ ಒತ್ತಿಸುತ್ತಾನೆ. ಒಮ್ಮೆ ಅವನೇ ಕನಿಕರಪಟ್ಟು ಉಪಾಯ ಹೇಳಿದ್ದ: ಯಾವ ಬೆರಳಾದರೂ ಸರಿ, ಎರಡು ದಿನ ಕೆಲಸಕ್ಕೆ ಹಚ್ಚದೆ ಎಣ್ಣೆ ಸವರಿ ಸುತ್ತಿಡು, ಗೆರೆ ಸ್ವಲ್ಪ ಏಳುತ್ತದೆ.)

೪

ಮಧ್ಯಾಹ್ನ ಊಟವಾದ ಮೇಲೆ ಗಂಗಾಮಣಿ ಅರ್ಧ ಗಂಟೆ ಜಗಲಿಯ ಮೇಲೇ ಅಡ್ಡಾಗುತ್ತಾಳೆ. ಹಾಗೆ ಮಲಗಿದ್ದಾಗ ಒಂದು ದಿನ ನಾನು ಅವಳ ಮನಸ್ಸಿನೊಳಗೆ ಹೋದೆ. ಕಥೆ ಬರೆಯುವವರಿಗೆ ಅದಕ್ಕೆ ಅಪ್ಪಣೆ ಬೇಕಿಲ್ಲ ಎಂಬುದು ರೂಢಿ. ಚಿಂದಿ ಸುತ್ತಿದ ಕಿರುಬೆರಳನ್ನು ಎದೆಗೆ ಒತ್ತಿಕೊಂಡು ಮಲಗಿದ್ದಳು.

ಒಳಗೆ ಸಿಕ್ಕದ್ದು ಅಕ್ಕ ರಾಜಮಣಿ. ಮದುವೆಯಾಗಿ ಭಿವಂಡಿಯ ಮಗ್ಗದ ಕೇರಿಗೆ ಹೋದವಳು. ಇಬ್ಬರಿಗೂ ಬರೆಯಲು ಬಾರದು, ಹಾಗಾಗಿ ರಾಜಮಣಿ ತನ್ನ ದನಿಯನ್ನೇ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಅದು ಬರುವುದು ಸತ್ತಯ್ಯನ ಫೋನಿಗೆ. ಅವನು ಹಾಲ್‌ನ ಗೇಟಿನ ಬಳಿ ಸ್ಪೀಕರ್ ಹಾಕಿ ಕೇಳುತ್ತಾನೆ, ಸಂಜೆ ಬಂದು ಸಾರಾಂಶ ಹೇಳುತ್ತಾನೆ: ನಿಮ್ಮಕ್ಕನಿಗೆ ಮೊಣಕಾಲು ನೋವಂತೆ, ಅಲ್ಲಿ ಮಳೆಯಂತೆ. ಆಮೇಲೆ ಗಂಗಾಮಣಿ ಕೇಳುತ್ತಾಳೆ. ಅಷ್ಟು ಹೊತ್ತಿಗೆ ಅಡುಗೆಯವರು, ಪೆಂಡಾಲಿನವರು ಎಲ್ಲರ ಕಿವಿಯನ್ನೂ ದಾಟಿ ಬಂದ ದನಿ ಅದು.

ಕಳೆದ ದೀಪಾವಳಿಗೆ ಮೊದಲು ರಾಜಮಣಿ ಒಂದು ಮಾತು ಹೇಳಿಕೊಂಡು ಅತ್ತಿದ್ದಳು. ಸತ್ತಯ್ಯ ಊಟಕ್ಕೆ ಕೂತವನು ಆ ಅಳುವನ್ನು ಅನುಕರಿಸಿ ತೋರಿಸಿದ. ಕೆಟ್ಟವನಲ್ಲ. ಮನೆಯವರನ್ನು ನಗಿಸುವ ಖುಷಿ ಅವನಿಗೆ. ಎಲ್ಲರೂ ನಕ್ಕರು, ಗಂಗಾಮಣಿಯೂ ನಕ್ಕಂತೆ ಮಾಡಿದಳು. ಅದು ಹೇಗೋ ಭಿವಂಡಿಗೆ ಮುಟ್ಟಿತು. ಅಂದಿನಿಂದ ರಾಜಮಣಿಯ ದನಿ ಎಂಟು ಸೆಕೆಂಡಿನದು: ಚೆನ್ನಾಗಿದ್ದೀಯಾ, ನಾವು ಚೆನ್ನಾಗಿದ್ದೇವೆ, ಇಡ್ತೀನಿ.

ಅಕ್ಕ ಮತ್ತೊಮ್ಮೆ ಅಳುವಂತಾಗಬೇಕು. ಗಂಗಾಮಣಿಗೆ ಫೋನು ಬೇಕಾದದ್ದು ಇದಕ್ಕೆ.

ಬರೆದು ತಲೆಯೆತ್ತಿದಾಗ ಅವಳಿಗೆ ಎಚ್ಚರವಾಗಿತ್ತು.

"ಸ್ರವಂತಿಯ ಗೆಳತಿ ಒಬ್ಬಳಿದ್ದಾಳೆ," ಎಂದಳು, ನನ್ನ ಕಡೆ ನೋಡದೆ. "ಅವರಮ್ಮ ಮಲಗಿದ್ದಾಗ ಬೆರಳು ಹಿಡಿದು ಒತ್ತಿ ಫೋನ್ ತೆಗೀತಾಳಂತೆ. ನೀವು ಮಾಡಿದ್ದೂ ಹಾಗೇ ಆಯ್ತಲ್ಲ ಅಮ್ಮಾ."

೫

ರಾಜಮಣಿ ಅಂದು ಯಾಕೆ ಅತ್ತಳು ಎಂಬುದನ್ನು ಇಲ್ಲಿ ಬರೆದಿದ್ದೆ. ಒಂದೂವರೆ ಪುಟ, ಈ ಕಥೆಯಲ್ಲಿ ಚೆನ್ನಾಗಿ ಬಂದದ್ದೇ ಅದು.

(ಮಡಚಿಟ್ಟಿದ್ದೇನೆ.)

೬

ಐದು ದಿನಕ್ಕೆ ಬರಬೇಕಾದ ಫೋನು ಏಳಾದರೂ ಬರಲಿಲ್ಲ. ಪಕ್ಕದ ಜಗಿತ್ಯಾಲದವರೆಗೆ ಬಂದು, ಯಾಕೋ ವಾಪಸ್ ಕರೀಂನಗರಕ್ಕೆ ಹೋಯಿತು. ಮದುವೆ ದಿಬ್ಬಣ ಹಾಲ್ ತಪ್ಪಿ ಬೇರೆ ಹಾಲ್‌ಗೆ ಹೋಗಿ ಊಟ ಮಾಡಿದ ಹಾಗಾಯಿತು ಎಂದ ಸತ್ತಯ್ಯ. ನರ್ಸವ್ವ ಗಲ್ಲಿಗೆ ಬಂದ ಪ್ರತಿ ಮೋಟರ್ ಸೈಕಲ್ಲಿಗೂ ಎದ್ದು ಹೊಸ್ತಿಲಿಗೆ ಬಂದಳು. ಸ್ರವಂತಿ ಗಂಟೆಗೊಮ್ಮೆ ಅಪ್ಪನಿಗೆ ಗೆಳತಿಯ ಫೋನಿನಿಂದ ಕರೆ ಮಾಡಿ ಎಲ್ಲಿದೆ ಎಂದು ವಿಚಾರಿಸಿದಳು.

ಗಂಗಾಮಣಿ ದಿನಕ್ಕೊಂದೇ ಸಲ ಕೇಳುತ್ತಿದ್ದಳು. ಸಂಜೆ, ಅನ್ನ ಬಸಿಯುವಾಗ, ಬೆನ್ನು ತಿರುಗಿಸಿಕೊಂಡು. ಉತ್ತರ ಬರುವವರೆಗೆ ಗಂಜಿ ಬೀಳುವ ಸದ್ದು ನಿಂತಿರುತ್ತಿತ್ತು.

"ಇನ್ನೂ ಮೂರು ನಾಲ್ಕು ದಿನ ಅಂತೆ ಅಮ್ಮಾ. ಛೇ."

"ಬರ್ಲಿ ಬಿಡು. ಅಷ್ಟು ದಿನ ಸಿಕ್ಕಿದ್ರೆ ಸಾಕಾಗತ್ತೆ."

ಸಿಕ್ಕಿದರೆ? ಕಾಯುವವರು ಹೀಗೆ ಮಾತಾಡುವುದಿಲ್ಲ. ಇದನ್ನು ‘ತಡೆದುಕೊಂಡರೆ ಆಯಿತು’ ಎಂದು ತಿದ್ದಿದೆ. ಅವಳು ಒಪ್ಪಲಿಲ್ಲ.

ತಿದ್ದುವ ಮಾತು ಬಂದಾಗ ಒಂದು ತಪ್ಪೊಪ್ಪಿಗೆ. ಗಮನವಿಟ್ಟು ಓದುವವರು ಆಗಲೇ ಹಿಡಿದಿರುತ್ತೀರಿ. ಎರಡನೆಯ ಭಾಗದಲ್ಲಿ ಚಿಂದಿ ಉಂಗುರದ ಬೆರಳಿಗಿತ್ತು, ಮೂರರಲ್ಲಿ ತೋರುಬೆರಳಿಗೆ, ನಾಲ್ಕರಲ್ಲಿ ಕಿರುಬೆರಳಿಗೆ. ಈ ಭಾಗ ಬರೆಯಲು ಕೂತಾಗ ನೋಡಿದರೆ ನಡುಬೆರಳಿಗೆ. ಐವತ್ತರ ಮೇಲೆ ಹೀಗೆಲ್ಲ ಆಗುತ್ತದೆ, ಕಳೆದ ಕಥೆಯಲ್ಲಿ ಒಬ್ಬಳ ಅತ್ತೆಗೆ ಎರಡು ಹೆಸರು ಕೊಟ್ಟಿದ್ದೆ. ಕೂತು ಎಲ್ಲ ಕಡೆ ‘ಉಂಗುರದ ಬೆರಳು’ ಎಂದು ತಿದ್ದಿದೆ. ಮರುದಿನ ಜಗಲಿಗೆ ಬಂದರೆ ಹೆಬ್ಬೆರಳಿಗೆ ಸುತ್ತಿಕೊಂಡು ಕೂತಿದ್ದಾಳೆ, ಬೀಡಿ ಹಿಡಿಯಲಾಗದೆ ಒದ್ದಾಡುತ್ತಿದ್ದಾಳೆ.

"ಇವತ್ತು ಹೆಬ್ಬೆರಳಾ?" ಎಂದಳು ಜಮುನ. "ನಿನ್ನ ಕತ್ತರಿಗೆ ರುಚಿ ಹತ್ತಿದೆ ಅಕ್ಕಾ. ದೊರೆಸಾನಿ ಥರ ಒಂದೊಂದು ಬೆರಳು ಎತ್ತಿಟ್ಕೊಂಡು ಬೀಡಿ ಕಟ್ಟಿದ್ರೆ ಕಾರ್ಖಾನೆಯವರು ಕುರ್ಚಿ ಹಾಕಿ ಕೂರಿಸ್ತಾರೆ ನೋಡು."

ಗಂಗಾಮಣಿ ನಕ್ಕಳು. ಆ ವಾರ ಒಂದು ದಿನವೂ ಸಾವಿರ ಮುಟ್ಟಲಿಲ್ಲ.

೭

ಹನ್ನೊಂದನೆಯ ದಿನ. ಇವತ್ತು ಬರುತ್ತದೆ ಎಂದು ಸುದ್ದಿ. ತರುವವನು ಕರೆ ಮಾಡುತ್ತಾನೆ, ಫೋನಿಗೆ ಬಂದ ಗುಟ್ಟಿನ ನಂಬರ್ ಕೇಳುತ್ತಾನೆ ಎಂದು ಹೇಳಿ ಗಂಗಾಮಣಿ ಸತ್ತಯ್ಯನ ಫೋನನ್ನು ಮನೆಯಲ್ಲೇ ಉಳಿಸಿಕೊಂಡಿದ್ದಾಳೆ. ಅವನು ಹೊರಡುವಾಗ ಎರಡು ಸಲ ಹೇಳಿ ಹೋಗಿದ್ದಾನೆ: ಪೆಟ್ಟಿಗೆ ಬಂದರೆ ಬಿಚ್ಚಬೇಡ, ಮಧ್ಯಾಹ್ನ ಒಂದು ಗಂಟೆಗೆ ಮೊಬೈಲ್ ಅಂಗಡಿಯ ಗೆಳೆಯನನ್ನು ಕರೆದುಕೊಂಡು ಬರುತ್ತೇನೆ, ಎಲ್ಲರ ಬೆರಳೂ ಒಟ್ಟಿಗೆ ಹಾಕಿಸಿಬಿಡೋಣ.

ಈಗ ಹನ್ನೊಂದೂವರೆ. ನಿಮ್ಮ ಮುಂದೆ ಕೆಲವು ಮುಕ್ತಾಯಗಳನ್ನು ಇಡುತ್ತೇನೆ.

ಅ) ಫೋನು ಬರುತ್ತದೆ. ನರ್ಸವ್ವನ ಬೆರಳು, ಸತ್ತಯ್ಯನ ಬೆರಳು, ಸ್ರವಂತಿಯ ಬೆರಳು ಒಂದೇ ಸಲಕ್ಕೆ ಹತ್ತುತ್ತವೆ. ಗಂಗಾಮಣಿಯದು ಮಾತ್ರ ಹತ್ತುವುದಿಲ್ಲ. ತನ್ನ ಫೋನು ತೆರೆಯಲು ಅವಳು ದಿನವೂ ಅತ್ತೆಯನ್ನು ಕರೆಯುತ್ತಾಳೆ. (ಸಂಪಾದಕರಿಗೆ ಹಿಡಿಸುತ್ತದೆ. ಕಣ್ಣೀರೂ ಬರುತ್ತದೆ. ನನಗೆ ಬೇಡ.)

ಆ) ಫೋನು ಬರುವುದೇ ಇಲ್ಲ. (ಇಂಥದ್ದಕ್ಕೆ ಹಿಂದೆ ಒಂದು ಬಹುಮಾನ ಬಂದಿದೆ. ಆದರೆ ಹತ್ತು ದಿನ ಅವಳ ಎದುರಿಗೆ ಕೂತಿದ್ದೇನೆ, ಮುಖ ಹೇಗೆ ತೋರಿಸಲಿ?)

ಇ) ಯಾರ ಬೆರಳೂ ಬೇಡವೆಂದು ಎಲ್ಲರಿಗೂ ಗೊತ್ತಿರುವ ನಾಲ್ಕು ಅಂಕೆ ಹಾಕುತ್ತಾರೆ. ಸ್ರವಂತಿ ಹುಟ್ಟಿದ ವರ್ಷ. ಇಡೀ ಗಲ್ಲಿಗೂ...

ಇದನ್ನು ಮುಗಿಸುವ ಮೊದಲೇ ಮೊರದ ಪಕ್ಕದಲ್ಲಿದ್ದ ಫೋನು ಹೊಡೆದುಕೊಂಡಿತು. ಗಂಗಾಮಣಿ ಎತ್ತಿ, ಹ್ಞಾಂ, ಹ್ಞಾಂ ಎಂದಳು. ಗಲ್ಲಿಯೊಳಗೆ ಗಾಡಿ ಬರುವುದಿಲ್ಲವಂತೆ, ಬಸ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದಾನಂತೆ. ಅಲ್ಲೇ ಇರಿ, ಬರ್ತೀನಿ ಎಂದಳು.

ಎದ್ದು ಮಡಿಲು ಕೊಡವಿಕೊಂಡಳು. ತೊಟ್ಟಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದಳು, ಹೊಗೆಸೊಪ್ಪಿನ ವಾಸನೆ ಹೋಗುವವರೆಗೆ. ಹೆಬ್ಬೆರಳಿನ ಚಿಂದಿ ಬಿಚ್ಚಿದಳು. ಗೂಡಿನಿಂದ ಎಣ್ಣೆಯ ಬಟ್ಟಲು ತೆಗೆದು ಎಡಗೈಯ ಬೆರಳ ತುದಿಗಳಿಗೆ ಸವರಿ, ಸೆರಗಿನಿಂದ ಮೆಲ್ಲಗೆ ಒರೆಸಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಕಿರುಬೆರಳು. ಒಂದನ್ನೂ ಬಿಡಲಿಲ್ಲ. ಬಿಸಿಲಿಗೆ ಹಿಡಿದು ನೋಡಿದಳು.

"ಬಂತೇನೇ?" ಒಳಗಿನಿಂದ ನರ್ಸವ್ವ.

"ಇನ್ನೂ ಇಲ್ಲ ಅತ್ತೆ. ಉಪ್ಪು ಮುಗಿದಿದೆ, ತಗೊಂಡು ಬರ್ತೀನಿ."

ಎಡಗೈಯನ್ನು ಹಗುರವಾಗಿ ಮುಷ್ಟಿ ಕಟ್ಟಿ, ಬಲಗೈಯಲ್ಲಿ ಗಂಡನ ಫೋನು ಹಿಡಿದು ಹೊರಟಳು. ಜಮುನ ತಲೆಯೆತ್ತಿ ಆ ಮುಷ್ಟಿಯನ್ನು ನೋಡಿದಳು, ಮತ್ತೆ ಎಲೆ ಕತ್ತರಿಸಿದಳು. ನಾನು ಗಲ್ಲಿಯ ತಿರುವಿನವರೆಗೆ ಹೋದೆ. ಅಲ್ಲಿ ಅವಳು ಒಮ್ಮೆ ಹಿಂತಿರುಗಿ ನೋಡಿದ್ದರಿಂದ ನಿಂತೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಅವಳು ಬಂದಳೇ, ಗೆರೆ ಎದ್ದಿತ್ತೇ, ಹೊಸ ಫೋನು ಐದನ್ನೂ ಒಪ್ಪಿತೇ ಎಂದು ನನ್ನನ್ನು ಕೇಳಬೇಡಿ. ಬಸ್ ಸ್ಟ್ಯಾಂಡ್ ಇಲ್ಲಿಂದ ಕಾಣುವುದಿಲ್ಲ.

ಮನೆಗೆ ಬಂದು ಹಸ್ತಪ್ರತಿ ತೆಗೆದೆ. ಎಲ್ಲ ಕಡೆ ತಿದ್ದಿದ್ದ ‘ಉಂಗುರದ ಬೆರಳು’ ಹೊಡೆದು, ಮೊದಲು ಎಲ್ಲೆಲ್ಲಿ ಯಾವ ಬೆರಳು ಇತ್ತೋ ಅದನ್ನೇ ಮತ್ತೆ ಬರೆದಿಟ್ಟೆ.